ಓದುಬಳಗಕ್ಕೆ ಯಾವ ಸಸ್ಪೆನ್ಸ್ ಕಾದಂಬರಿ? ಪದೇ ಪದೇ ಕೇಳುವ ಪ್ರಶ್ನೆಗಳು

ಹಲವು ವರ್ಷಗಳಿಂದ ಒಂದು ಸಣ್ಣ ಓದುಬಳಗ ನಡೆಸುತ್ತಿದ್ದೇನೆ. ಹನ್ನೆರಡು ಹದಿಮೂರು ಜನ, ತಿಂಗಳಿಗೊಂದು ಪುಸ್ತಕ. ವರ್ಷಕ್ಕೆ ಮೂರಾದರೂ ಸಸ್ಪೆನ್ಸ್ ಕಾದಂಬರಿ ಇರಲೇಬೇಕು ಅನ್ನುವುದು ನಮ್ಮಲ್ಲಿ ರೂಢಿಯಾಗಿಬಿಟ್ಟಿದೆ. ಹೊಸದಾಗಿ ಬಳಗ ಕಟ್ಟುತ್ತಿರುವ ಗೆಳೆಯರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಆಗಿರುವುದರಿಂದ ಉತ್ತರಗಳನ್ನು ಒಂದೆಡೆ ಬರೆದಿಟ್ಟಿದ್ದೇನೆ. ಯಾವ ಪುಸ್ತಕದ ಗುಟ್ಟನ್ನೂ ಇಲ್ಲಿ ಬಿಟ್ಟುಕೊಟ್ಟಿಲ್ಲ, ನಿಶ್ಚಿಂತೆಯಿಂದ ಓದಿ.

ಒಂದೇ ಉಸಿರಿಗೆ ಓದಿಸಿಕೊಂಡ ಪುಸ್ತಕ ಚರ್ಚೆಗೆ ಕೂತಾಗ ಯಾಕೆ ಸಪ್ಪೆಯಾಗುತ್ತದೆ?

ಇದು ನಮಗೂ ಆಗಿದೆ. ಬಳಗ ಶುರುವಾದ ಮೊದಲ ವರ್ಷ ನಾನೇ ಒಂದು ದಪ್ಪ ಥ್ರಿಲ್ಲರ್ ಸೂಚಿಸಿದ್ದೆ. ಎಲ್ಲರೂ ನಿದ್ದೆಗೆಟ್ಟು ಓದಿಕೊಂಡು ಬಂದಿದ್ದರು. ಮಾತು ಶುರುವಾಯಿತು. ಒಬ್ಬರು "ಅವನೇ ಅಂತ ನನಗೆ ಮೊದಲೇ ಅನುಮಾನ ಇತ್ತು" ಅಂದರು, ಇನ್ನೊಬ್ಬರು "ನನಗೆ ಕೊನೆವರೆಗೂ ಗೊತ್ತಾಗಲಿಲ್ಲಪ್ಪ" ಅಂದರು. ಮೂರನೆಯವರು ಎರಡಕ್ಕೂ ತಲೆಯಾಡಿಸಿದರು. ಇಪ್ಪತ್ತು ನಿಮಿಷದಲ್ಲಿ ಎಲ್ಲ ಮುಗಿದು, ಉಳಿದ ಹೊತ್ತು ಬೇರೇನೋ ಮಾತಾಡಿಕೊಂಡು ಎದ್ದೆವು. ಪುಸ್ತಕದಲ್ಲಿ ಇದ್ದದ್ದು ಒಂದು ಗುಟ್ಟು ಮಾತ್ರ. ಗುಟ್ಟು ಬಯಲಾದ ಮೇಲೆ ಮಾತಾಡಲು ಏನೂ ಮಿಕ್ಕಿರಲಿಲ್ಲ.

ಆಮೇಲಿನಿಂದ ನಾನು ಒಂದೇ ಪರೀಕ್ಷೆ ಇಟ್ಟುಕೊಂಡಿದ್ದೇನೆ. ಸೂಚಿಸುವ ಮೊದಲು ಪುಸ್ತಕವನ್ನು ಪೂರ್ತಿ ಓದಿ ಮುಗಿಸಿ, ಮತ್ತೆ ಮೊದಲ ಅಧ್ಯಾಯ ತೆರೆಯುತ್ತೇನೆ. ಕೊನೆ ಗೊತ್ತಿದ್ದೂ ಆ ಅಧ್ಯಾಯ ನನ್ನನ್ನು ಹಿಡಿದು ಕೂರಿಸಿದರೆ, ಮೊದಲ ಸಲ ಕಣ್ತಪ್ಪಿದ್ದು ಈಗ ಕಂಡರೆ, ಅದು ಬಳಗಕ್ಕೆ ಬರುತ್ತದೆ. ಇಲ್ಲದಿದ್ದರೆ ಅದು ಪ್ರಯಾಣದಲ್ಲಿ ಒಬ್ಬರೇ ಓದಿಕೊಳ್ಳುವ ಪುಸ್ತಕ. ಅಂಥ ಪುಸ್ತಕಗಳೂ ನನಗೆ ಪ್ರೀತಿಯವೇ. ಹತ್ತು ಜನರನ್ನು ಎರಡು ಗಂಟೆ ಕೂರಿಸುವ ಕೆಲಸ ಅವುಗಳಿಂದ ಆಗುವುದಿಲ್ಲ, ಅಷ್ಟೆ.

ಸಸ್ಪೆನ್ಸ್, ಪತ್ತೇದಾರಿ, ಥ್ರಿಲ್ಲರ್ ಎಲ್ಲ ಒಂದೇ ಅಲ್ಲವೇ?

ಅಂಗಡಿಯ ಕಪಾಟಿನಲ್ಲಿ ಒಂದೇ, ಓದುವಾಗ ಬೇರೆ ಬೇರೆ. ಪತ್ತೇದಾರಿಯಲ್ಲಿ ಆಗಿಹೋದದ್ದರ ಹಿಂದೆ ಹೋಗುತ್ತೇವೆ: ಯಾರು ಮಾಡಿದರು, ಹೇಗೆ ಮಾಡಿದರು. ಥ್ರಿಲ್ಲರ್‌ನಲ್ಲಿ ಓಟವೇ ಮುಖ್ಯ. ಸಸ್ಪೆನ್ಸ್‌ನಲ್ಲಿ ಮುಂದೆ ಆಗಲಿರುವುದಕ್ಕೆ ಕಾಯುತ್ತೇವೆ, ಆಗದಿರಲಿ ಎಂದು ಹಾರೈಸುತ್ತಲೇ ಕಾಯುತ್ತೇವೆ.

ಸಸ್ಪೆನ್ಸ್ ಸಿನಿಮಾಗಳಿಗೆ ಹೆಸರಾದ ನಿರ್ದೇಶಕ ಹಿಚ್‌ಕಾಕ್ ಇದನ್ನು ಫ್ರೆಂಚ್ ನಿರ್ದೇಶಕ ತ್ರೂಫೋ ಜೊತೆಗಿನ ಮಾತುಕತೆಯಲ್ಲಿ ಬಹಳ ಚೆನ್ನಾಗಿ ಬಿಡಿಸಿ ಹೇಳಿದ್ದಾನೆ. ಆ ಮಾತುಕತೆ ನಡೆದದ್ದು 1962ರಲ್ಲಿ, ಪುಸ್ತಕವಾಗಿ ಬಂದದ್ದು 1966ರಲ್ಲಿ. ಮೇಜಿನ ಸುತ್ತ ಕೂತು ಜನ ಮಾತಾಡುತ್ತಿದ್ದಾರೆ, ಕೆಳಗೆ ಬಾಂಬ್ ಇದೆ. ನೋಡುವವರಿಗೆ ಅದು ಗೊತ್ತಿಲ್ಲದೆ ಸಿಡಿದರೆ ಹದಿನೈದು ಸೆಕೆಂಡಿನ ಬೆಚ್ಚು. ಬಾಂಬ್ ಇಟ್ಟದ್ದನ್ನು ಮೊದಲೇ ತೋರಿಸಿ, ಒಂದು ಗಂಟೆಗೆ ಸಿಡಿಯುತ್ತದೆ ಎಂದು ಹೇಳಿ, ಗೋಡೆ ಗಡಿಯಾರದಲ್ಲಿ ಒಂದಕ್ಕೆ ಹದಿನೈದು ನಿಮಿಷ ಇದೆ ಎಂದು ತೋರಿಸಿದರೆ ಅದೇ ಹರಟೆ ಹದಿನೈದು ನಿಮಿಷ ನಮ್ಮನ್ನು ತುದಿಗಾಲಲ್ಲಿ ನಿಲ್ಲಿಸುತ್ತದೆ. ಓದುಗರಿಗೆ ಹೆಚ್ಚು ತಿಳಿದಿದ್ದಷ್ಟೂ ಸಸ್ಪೆನ್ಸ್ ಬಿಗಿಯಾಗುತ್ತದೆ. ಪುಸ್ತಕ ಆರಿಸುವವರು ಈ ಒಂದು ಮಾತನ್ನು ನೆನಪಿಟ್ಟುಕೊಂಡರೆ ಅರ್ಧ ಕೆಲಸ ಆದಂತೆ.

ಬಹಳ ಹೆಸರು ಬೇಡ. ಮೊದಲ ಸಲಕ್ಕೆ ಒಂದೇ ಒಂದು ಪುಸ್ತಕ ಹೇಳಿ.

ಡಾಫ್ನೆ ಡು ಮಾರಿಯೆ ಬರೆದ 'ರೆಬೆಕ್ಕಾ', 1938. ಯಾವ ಬಳಗಕ್ಕಾದರೂ, ಎರಡನೆಯ ಯೋಚನೆ ಇಲ್ಲದೆ.

ಕಥೆ ಸರಳ. ಶ್ರೀಮಂತ ಹೆಂಗಸೊಬ್ಬಳ ಜೊತೆಗಾತಿಯಾಗಿ ಸಂಬಳಕ್ಕಿದ್ದ ಹುಡುಗಿ, ಹೆಂಡತಿ ತೀರಿಕೊಂಡ ಮ್ಯಾಕ್ಸಿಮ್ ಡಿ ವಿಂಟರ್ ಎಂಬುವನನ್ನು ಮದುವೆಯಾಗಿ ಮ್ಯಾಂಡರ್ಲಿ ಎಂಬ ದೊಡ್ಡ ಬಂಗಲೆಗೆ ಬರುತ್ತಾಳೆ. ಮೊದಲ ಹೆಂಡತಿ ರೆಬೆಕ್ಕಾ ಸತ್ತು ಒಂದು ವರ್ಷವಾಗಿದೆ. ಇಡೀ ಮನೆ ಇನ್ನೂ ಅವಳ ಕೈಯಲ್ಲೇ ಇದೆ. ಅವಳ ಕೋಣೆ ಇದ್ದ ಹಾಗೇ ಇದೆ, ಮನೆವಾರ್ತೆ ನೋಡಿಕೊಳ್ಳುವ ಮಿಸೆಸ್ ಡ್ಯಾನ್ವರ್ಸ್ ಇನ್ನೂ ಅವಳದೇ ಆಳು. ಕಥೆ ಹೇಳುವ ಹುಡುಗಿಗೆ ಪುಸ್ತಕದುದ್ದಕ್ಕೂ ಹೆಸರೇ ಇಲ್ಲ. ಸತ್ತವಳ ಹೆಸರು ರಕ್ಷಾಪುಟದ ಮೇಲಿದೆ, ಬದುಕಿರುವವಳಿಗೆ ಹೆಸರಿಲ್ಲ. ನಮ್ಮ ಬಳಗದಲ್ಲಿ ಅರ್ಧದಷ್ಟು ಜನ ಇದನ್ನು ಗಮನಿಸಿಯೇ ಇರಲಿಲ್ಲ. ಒಬ್ಬರು ಹೇಳಿದಾಗ ಉಳಿದವರು ಪುಟ ತಿರುವಿ ತಿರುವಿ ಹುಡುಕಿದರು. ಆ ಹುಡುಕಾಟವೇ ಅಂದಿನ ಚರ್ಚೆಯ ಬಾಗಿಲು ತೆರೆಯಿತು.

ಒಂದು ಸಣ್ಣ ಸನ್ನಿವೇಶವನ್ನು ಗಟ್ಟಿಯಾಗಿ ಓದಿ. ಮದುವೆಗೆ ಮುಂಚೆ ಮ್ಯಾಕ್ಸಿಮ್ ಅವಳಿಗೆ ಓದಲು ಕೊಟ್ಟ ಕವನದ ಪುಸ್ತಕದ ಮೊದಲ ಹಾಳೆಯಲ್ಲಿ ರೆಬೆಕ್ಕಾಳ ಕೈಬರಹ ಇರುತ್ತದೆ. ಆ ಹಾಳೆಯನ್ನು ಕತ್ತರಿಸಿ, ಚೂರು ಮಾಡಿ, ಅದೂ ಸಾಲದೆ ಬೆಂಕಿ ಕಡ್ಡಿ ಗೀರುತ್ತಾಳೆ. ಅಕ್ಷರಗಳೆಲ್ಲ ಬೂದಿಯಾದ ಮೇಲೂ ರೆಬೆಕ್ಕಾಳ ಮೊದಲಕ್ಷರ ಮಾತ್ರ ಜ್ವಾಲೆಯಲ್ಲಿ ಸುರುಳಿಕೊಂಡು, ಒಂದು ಗಳಿಗೆ ಮೊದಲಿಗಿಂತ ದೊಡ್ಡದಾಗಿ ಕಂಡು, ಆಮೇಲೆ ಕುಸಿಯುತ್ತದೆ. ಇನ್ನೂ ಮ್ಯಾಂಡರ್ಲಿಗೆ ಕಾಲಿಟ್ಟೇ ಇಲ್ಲ, ಅಷ್ಟರಲ್ಲೇ ನಮಗೆ ಹೆದರಿಕೆ ಹತ್ತಿಕೊಂಡಿರುತ್ತದೆ. ಕೊಲೆ, ರಕ್ತ, ಕತ್ತಲೆ ಯಾವುದೂ ಇಲ್ಲದೆ ಒಂದು ಅಕ್ಷರದಿಂದ ಹೆದರಿಸಿದ್ದು ಹೇಗೆ ಎಂದು ಕೇಳಿ ನೋಡಿ, ಮಾತಿಗೆ ಬರವಿಲ್ಲ.

ಇದನ್ನು ಪ್ರೇಮಕಥೆ ಎಂದು ಓದುವವರು ಬಹಳ. ಡು ಮಾರಿಯೆ ಮಾತ್ರ ಇದನ್ನು ಅಸೂಯೆಯ ಅಧ್ಯಯನ ಎಂದೇ ಕಂಡವಳು. ಎರಡೂ ಪಕ್ಷದವರು ನಿಮ್ಮ ಬಳಗದಲ್ಲಿ ಖಂಡಿತ ಇರುತ್ತಾರೆ. ಓದಿ ಮುಗಿದ ಮೇಲೆ ಕನಸಿನಿಂದ ಶುರುವಾಗುವ ಮೊದಲ ಅಧ್ಯಾಯಕ್ಕೆ ಮರಳುವುದನ್ನು ಮರೆಯಬೇಡಿ. ಮ್ಯಾಂಡರ್ಲಿಯ ಗತಿ ಏನಾಯಿತು ಎಂಬ ಸುಳಿವನ್ನು ಲೇಖಕಿ ಅಲ್ಲೇ ಕಣ್ಣೆದುರಿಗೆ ಇಟ್ಟಿದ್ದಾಳೆ.

ಕೊಲೆಗಾರ ಯಾರೆಂದು ಮೊದಲೇ ಹೇಳಿಬಿಡುವ ಕಾದಂಬರಿಗಳಿವೆಯಲ್ಲ, ಅದರಲ್ಲಿ ಓದಲು ಏನು ಉಳಿಯುತ್ತದೆ?

ನನ್ನ ಅನುಭವದಲ್ಲಿ ಬಳಗಕ್ಕೆ ಅತಿ ಹೆಚ್ಚು ಒದಗುವುದು ಇವೇ.

ಗ್ಯಾಬ್ರಿಯಲ್ ಗಾರ್ಸಿಯಾ ಮಾರ್ಕ್ವೆಜ್ 1981ರಲ್ಲಿ ಪ್ರಕಟಿಸಿದ ಕಿರುಕಾದಂಬರಿ 'ಕ್ರಾನಿಕಲ್ ಆಫ್ ಎ ಡೆತ್ ಫೋರ್‌ಟೋಲ್ಡ್' ತೆಗೆದುಕೊಳ್ಳಿ. ಸಾಂಟಿಯಾಗೊ ನಾಸರ್ ಅಂದು ಕೊಲೆಯಾಗುತ್ತಾನೆ ಎಂಬುದು ಮೊದಲ ವಾಕ್ಯದಲ್ಲೇ ಇದೆ. ಕೊಲ್ಲುವವರು ಅವಳಿ ಸಹೋದರರು. ಅವರು ಗುಟ್ಟಾಗಿ ಹೊಂಚು ಹಾಕುವುದಿಲ್ಲ, ಎದುರು ಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗುತ್ತಾರೆ. ಊರಿಗೆ ಊರೇ ಗೊತ್ತು. ಯಾಕೆ ಯಾರೂ ತಡೆಯಲಿಲ್ಲ? ಕೆಲವರು ತಮಾಷೆ ಅಂದುಕೊಂಡರು, ಕೆಲವರು ಅವನಿಗೆ ಈಗಾಗಲೇ ಯಾರೋ ಹೇಳಿರುತ್ತಾರೆ ಅಂದುಕೊಂಡರು, ಕೆಲವರಿಗೆ ಅದು ಮರ್ಯಾದೆಯ ಪ್ರಶ್ನೆಯಾಗಿ ಕಂಡಿತು. ಕೊನೆ ಗೊತ್ತಿದ್ದೂ ಪ್ರತಿ ಪುಟದಲ್ಲಿ "ಈಗಲಾದರೂ ಯಾರಾದರೂ ಹೇಳಿ" ಎಂದು ಮನಸ್ಸು ಒದ್ದಾಡುತ್ತದೆ. ನೂರಿಪ್ಪತ್ತು ಪುಟದ ಆಸುಪಾಸಿನ ಪುಸ್ತಕ. ನಮ್ಮಲ್ಲಿ ಇದರ ಚರ್ಚೆ ಮೂರು ಗಂಟೆ ದಾಟಿತು, ಅದರಲ್ಲಿ ಪುಸ್ತಕಕ್ಕಿಂತ ನಮ್ಮ ನಮ್ಮ ಮೌನಗಳ ಬಗ್ಗೆಯೇ ಹೆಚ್ಚು ಮಾತಾಯಿತು.

ಜಪಾನಿನ ಕೀಗೊ ಹಿಗಾಶಿನೊ ಬರೆದ 'ದ ಡಿವೋಶನ್ ಆಫ್ ಸಸ್ಪೆಕ್ಟ್ ಎಕ್ಸ್' 2005ರದು, ಅಲ್ಲಿನ ಪ್ರತಿಷ್ಠಿತ ನಾವೊಕಿ ಬಹುಮಾನ ಪಡೆದದ್ದು. ಕೊಲೆ ಆರಂಭದಲ್ಲೇ ನಮ್ಮ ಕಣ್ಣೆದುರು ನಡೆದುಹೋಗುತ್ತದೆ. ಪಕ್ಕದ ಮನೆಯ ಗಣಿತದ ಮೇಷ್ಟ್ರು ಅದನ್ನು ಮುಚ್ಚಿಹಾಕಲು ನಿಲ್ಲುತ್ತಾನೆ, ಅವನ ಹಳೆಯ ಗೆಳೆಯನಾದ ಭೌತವಿಜ್ಞಾನಿ ಬಿಡಿಸಲು ನಿಲ್ಲುತ್ತಾನೆ. ಎಲ್ಲ ಗೊತ್ತಿದೆ ಎಂಬ ಭರವಸೆಯಲ್ಲೇ ಓದುತ್ತಾ ಹೋಗುತ್ತೇವೆ. ಇದಕ್ಕಿಂತ ಹೆಚ್ಚು ಹೇಳಿದರೆ ಅನ್ಯಾಯ. ಪ್ರೀತಿ ಎಂದು ಯಾವುದನ್ನು ಕರೆಯಬೇಕು ಎಂಬ ಪ್ರಶ್ನೆ ಇಟ್ಟುಕೊಂಡು ಮಾತಾಡಿ.

ಫ್ರೆಡರಿಕ್ ಫೋರ್ಸಿತ್‌ನ 'ದ ಡೇ ಆಫ್ ದ ಜಾಕಲ್' ಇನ್ನೊಂದು ಬಗೆಯ ಸಾಹಸ. ಫ್ರಾನ್ಸಿನ ಅಧ್ಯಕ್ಷ ಡಿಗಾಲ್ ಅವರನ್ನು 1963ರಲ್ಲಿ ಕೊಲ್ಲಲು ಬಾಡಿಗೆ ಹಂತಕನೊಬ್ಬ ಹೊರಡುವ ಕಥೆ. ಪುಸ್ತಕ ಬಂದದ್ದು 1971ರಲ್ಲಿ. ಡಿಗಾಲ್ 1970ರ ನವೆಂಬರ್‌ನಲ್ಲಿ ತಮ್ಮ ಮನೆಯಲ್ಲೇ ಕಾಯಿಲೆಯಿಂದ ತೀರಿಕೊಂಡಿದ್ದರು. ಹಂತಕ ಸೋಲುತ್ತಾನೆ ಎಂಬುದು ಪುಸ್ತಕ ಕೈಗೆತ್ತಿಕೊಂಡ ಪ್ರತಿಯೊಬ್ಬರಿಗೂ ಗೊತ್ತಿತ್ತು. ಆದರೂ ಎದೆ ಢವಢವ ಹೊಡೆದುಕೊಳ್ಳುತ್ತದೆ. ನಕಲಿ ಪಾಸ್‌ಪೋರ್ಟ್, ಬಂದೂಕು, ವೇಷ, ಒಂದೊಂದನ್ನೂ ಅವನು ಹೊಂದಿಸಿಕೊಳ್ಳುವ ವಿವರದಲ್ಲೇ ಬಿಗಿ ಇದೆ. ಅವನ ಕೆಲಸ ಕೆಡದಿರಲಿ ಎಂದು ನಾವೇ ಬಯಸತೊಡಗುತ್ತೇವೆ!

ಸಮಯವೂ ತಾಳ್ಮೆಯೂ ಇರುವ ಬಳಗಕ್ಕೆ ದಾಸ್ತೊಯೆವ್‌ಸ್ಕಿಯ 'ಕ್ರೈಮ್ ಅಂಡ್ ಪನಿಶ್‌ಮೆಂಟ್' ಇದ್ದೇ ಇದೆ. 1866ರ ಕಾದಂಬರಿ. ಆರು ಭಾಗಗಳಲ್ಲಿ ಕೊಲೆ ಮೊದಲ ಭಾಗಕ್ಕೇ ಮುಗಿಯುತ್ತದೆ. ಉಳಿದ ಐದೂ ಸಿಕ್ಕಿಬೀಳುವ ಭಯ, ಹೇಳಿಬಿಡುವ ಹಂಬಲ.

ಕನ್ನಡದಲ್ಲಿ ಏನು ಓದಬಹುದು?

ಈ ಪ್ರಶ್ನೆ ಕೇಳುವವರು ಕಡಿಮೆ, ಅದೇ ನನಗೆ ಬೇಸರ. ಒಂದು ಕಾಲದಲ್ಲಿ ಕನ್ನಡದಲ್ಲಿ ಅಕ್ಷರ ಕೂಡಿಸಿ ಓದಲು ಕಲಿತವರೆಲ್ಲ ಎನ್. ನರಸಿಂಹಯ್ಯನವರ ಪುಸ್ತಕಗಳನ್ನು ಕೈಯಿಂದ ಕೈಗೆ ದಾಟಿಸುತ್ತಿದ್ದರು. ನೂರಾರು ಪತ್ತೇದಾರಿ ಕಾದಂಬರಿ ಬರೆದವರು, ಪತ್ತೇದಾರ ಪುರುಷೋತ್ತಮನನ್ನು ಮನೆಮಾತು ಮಾಡಿದವರು. ಚರ್ಚೆಗೆ ಕೂರಿಸುವಷ್ಟು ಆಳ ಅವುಗಳಲ್ಲಿದೆ ಎಂದು ನಾನು ಹೇಳುವುದಿಲ್ಲ. ಓದುವ ರುಚಿ ಹತ್ತಿಸಿದ ಋಣ ಮಾತ್ರ ದೊಡ್ಡದು. ಒಂದು ಪುಸ್ತಕ ತಂದು ನಾಲ್ಕು ಪುಟ ಗಟ್ಟಿಯಾಗಿ ಓದಿ, ಹಿರಿಯ ಸದಸ್ಯರ ಮುಖ ಅರಳುತ್ತದೆ.

ಚರ್ಚೆಗೆ ಪೂರ್ಣಚಂದ್ರ ತೇಜಸ್ವಿಯವರನ್ನು ಬಿಟ್ಟು ಮುಂದೆ ಹೋಗಲಾಗದು. 'ಜುಗಾರಿ ಕ್ರಾಸ್' ಓದಿಲ್ಲದ ಬಳಗ ಅಲ್ಲಿಂದಲೇ ಶುರುಮಾಡಲಿ. ಏಲಕ್ಕಿ ಮಾರಲು ಹೊರಟ ಸುರೇಶ, ಗೌರಿ ಎಂಬ ಎಳೆಯ ದಂಪತಿ ತಮಗರಿವಿಲ್ಲದೆ ಭೂಗತ ವ್ಯವಹಾರದ ಸುಳಿಗೆ ಸಿಕ್ಕುತ್ತಾರೆ. ಹಳೆಯ ಕಾವ್ಯವೊಂದರ ಒಗಟು, ಕಾಡು, ರೈಲು, ಸುರಂಗ ಎಲ್ಲ ಸೇರಿ ಕಥೆ ಓಡುತ್ತದೆ. ಓಟದ ಕೆಳಗೆ ಕಾಡು ಹೇಗೆ ಬರಿದಾಗುತ್ತಿದೆ, ಹಣ ಹೇಗೆ ಹರಿಯುತ್ತಿದೆ ಎಂಬುದು ತಣ್ಣಗೆ ಬಿಚ್ಚಿಕೊಳ್ಳುತ್ತದೆ. ಮೊದಲ ಓದಿಗೆ ಓಟ, ಎರಡನೆಯ ಓದಿಗೆ ಕಾಡು.

ತೇಜಸ್ವಿಯವರದೇ 'ಚಿದಂಬರ ರಹಸ್ಯ' 1987ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಕಾದಂಬರಿ. ಏಲಕ್ಕಿ ಇಳುವರಿ ಯಾಕೆ ಬಿತ್ತು, ವಿಜ್ಞಾನಿ ಜೋಗಿಹಾಳ್ ಸತ್ತದ್ದು ಹೇಗೆ ಎಂಬ ಪತ್ತೇದಾರಿಯಿಂದ ಶುರುವಾಗುತ್ತದೆ. ಕೇಸರೂರಿನ ಜಾತಿ, ಧರ್ಮ, ಪ್ರೇಮ, ಮೂಢನಂಬಿಕೆ ಎಲ್ಲ ಒಂದೊಂದಾಗಿ ತನಿಖೆಯೊಳಗೆ ನುಗ್ಗಿದ ಹಾಗೆ, ಅಪರಾಧಿ ಒಬ್ಬ ಮನುಷ್ಯನೇ ಎಂಬ ನಂಬಿಕೆ ನಮಗೇ ಅಲುಗಾಡತೊಡಗುತ್ತದೆ. ಸಸ್ಪೆನ್ಸ್ ಎಂದರೆ ಗಂಭೀರ ಸಾಹಿತ್ಯ ಅಲ್ಲ ಅನ್ನುವವರ ಕೈಗೆ ಇದನ್ನು ಕೊಡಿ.

ಇನ್ನು ವಿವೇಕ ಶಾನಭಾಗರ 'ಘಾಚರ್ ಘೋಚರ್'. ಇದನ್ನು ಸಸ್ಪೆನ್ಸ್ ಪಟ್ಟಿಗೆ ಸೇರಿಸಿದ್ದಕ್ಕೆ ನಮ್ಮ ಬಳಗದಲ್ಲೇ ತಕರಾರು ಬಂತು. ಪತ್ತೇದಾರ ಇಲ್ಲ, ಓಟ ಇಲ್ಲ. ಮಸಾಲೆ ವ್ಯಾಪಾರದಿಂದ ದಿಢೀರನೆ ಹಣ ಕಂಡ ಒಂದು ಕುಟುಂಬ, ಕಾಫಿ ಹೌಸಿನಲ್ಲಿ ಕೂತು ಕಥೆ ಹೇಳುವ ಮಗ, ಅಷ್ಟೆ. ಇರುವೆಗಳನ್ನು ಆ ಮನೆಯವರು ಕೊಲ್ಲುವ ಭಾಗವನ್ನು ನಿಧಾನವಾಗಿ ಓದಿ. ಹಳೆಯ ಮನೆಯಲ್ಲಿ ಇರುವೆಯೊಂದಿಗೆ ನಡೆಯುವ ಆ ಯುದ್ಧದಲ್ಲಿ ಕ್ರೌರ್ಯ ಎಷ್ಟು ಸಲೀಸಾಗಿ ಮನೆವಾರ್ತೆಯ ಭಾಗವಾಗುತ್ತದೆ ನೋಡಿ. ಕೊನೆಯ ಪುಟ ಮುಚ್ಚಿದಾಗ ಎದೆಯಲ್ಲಿ ಏಳುವ ಅಳುಕಿನ ಬೀಜ ಅಲ್ಲಿದೆ. ತಕರಾರು ತೆಗೆದವರೇ ಕೊನೆಗೆ ಹೆಚ್ಚು ಹೊತ್ತು ಮಾತಾಡಿದರು.

ಇತಿಹಾಸದ ಒಗಟು ಇಷ್ಟಪಡುವವರಿಗೆ ಕೆ. ಎನ್. ಗಣೇಶಯ್ಯನವರ ಕಾದಂಬರಿಗಳಿವೆ. ಅವರು ಕೃಷಿ ವಿಜ್ಞಾನಿ. ಶಾಸನ, ಶಿಲ್ಪ, ಸಸ್ಯವಿಜ್ಞಾನದಿಂದ ಸುಳಿವು ಹೆಕ್ಕುತ್ತಾರೆ, 'ಕರಿಸಿರಿಯಾನ' ವಿಜಯನಗರದ ಸಂಪತ್ತಿನ ಜಾಡು ಹಿಡಿಯುತ್ತದೆ. ಎಲ್ಲಿಯವರೆಗೆ ದಾಖಲೆ, ಎಲ್ಲಿಂದ ಕಲ್ಪನೆ ಎಂದು ಗೆರೆ ಎಳೆಯುವುದನ್ನೇ ಚರ್ಚೆಯ ಕೆಲಸವಾಗಿ ಹಂಚಿಕೊಳ್ಳಬಹುದು.

ಆಗಾಥಾ ಕ್ರಿಸ್ಟಿಯಲ್ಲಿ ಯಾವುದು?

'ಅಂಡ್ ದೆನ್ ದೇರ್ ವರ್ ನನ್', 1939. ಹತ್ತು ಜನ ಅಪರಿಚಿತರು ಒಂದು ದ್ವೀಪಕ್ಕೆ ಬರುತ್ತಾರೆ. ಗ್ರಾಮಾಫೋನ್ ತಟ್ಟೆಯ ದನಿಯೊಂದು ಪ್ರತಿಯೊಬ್ಬರ ಮೇಲೂ ಒಂದೊಂದು ಸಾವಿನ ಆರೋಪ ಹೊರಿಸುತ್ತದೆ. ಆಮೇಲೆ ಒಬ್ಬೊಬ್ಬರಾಗಿ ಸಾಯುತ್ತಾರೆ.

ಇದನ್ನು ನಾವು ಎರಡು ಕೂಟಗಳಾಗಿ ಓದಿದೆವು. ಹತ್ತರಲ್ಲಿ ಐವರು ಉಳಿದಾಗ ಎಲ್ಲರೂ ಪುಸ್ತಕ ಮುಚ್ಚಬೇಕು ಎಂದು ಕರಾರು. ಮೊದಲ ಕೂಟದಲ್ಲಿ ಪ್ರತಿಯೊಬ್ಬರೂ ತಮ್ಮ ಊಹೆಯನ್ನು ಚೀಟಿಯಲ್ಲಿ ಬರೆದು, ಮಡಚಿ, ಡಬ್ಬಿಗೆ ಹಾಕಿದರು. ಎರಡನೆಯ ಕೂಟದ ಕೊನೆಗೆ ಡಬ್ಬಿ ತೆರೆದು ಒಂದೊಂದನ್ನೇ ಓದಿದೆವು. ಬಳಗದಲ್ಲಿ ಬಹಳ ಕಡಿಮೆ ಮಾತಾಡುವ ಒಬ್ಬ ಹಿರಿಯರಿದ್ದಾರೆ. ಅವರ ಚೀಟಿಯಲ್ಲಿ ಯಾರ ಹೆಸರೂ ಇರಲಿಲ್ಲ. "ಯಾರು ಅಂತ ಗೊತ್ತಿಲ್ಲ. ಇವರು ಯಾರೂ ಉಳಿಯಬಾರದು ಅಂತ ನನಗೇ ಅನ್ನಿಸುತ್ತಿದೆ. ಹಾಗೆ ಅನ್ನಿಸುವುದಕ್ಕೇ ಹೆದರಿಕೆ ಆಗಿದೆ" ಎಂದು ಸಣ್ಣ ಅಕ್ಷರದಲ್ಲಿ ಬರೆದಿದ್ದರು. ಕೋಣೆ ಒಂದು ಕ್ಷಣ ಸ್ತಬ್ಧವಾಯಿತು. ಕಾನೂನಿನ ಕೈಗೆ ಸಿಗದ ತಪ್ಪಿಗೆ ಶಿಕ್ಷೆ ಕೊಡುವ ಹಕ್ಕು ಯಾರಿಗಿದೆ ಎಂಬ ಮಾತು ಅಲ್ಲಿಂದ ಎದ್ದಿತು. ಊಹೆ ಸರಿಯೋ ತಪ್ಪೋ ಎಂಬುದನ್ನು ಎಲ್ಲರೂ ಮರೆತರು.

ಚೀಟಿಯ ಪದ್ಧತಿ ಬೇರೆ ಪುಸ್ತಕಗಳಿಗೂ ಒಗ್ಗುತ್ತದೆ. ಬಾಯಿ ಬಿಡದವರ ಮನಸ್ಸು ತಿಳಿಯಲು ಇದಕ್ಕಿಂತ ಒಳ್ಳೆಯ ದಾರಿ ನನಗೆ ಸಿಕ್ಕಿಲ್ಲ.

ಮೊದಲೇ ಓದಿ ಮುಗಿಸಿದವರು ಗುಟ್ಟು ಬಿಟ್ಟುಕೊಟ್ಟರೆ ಏನು ಮಾಡುವುದು?

ಬಿಟ್ಟುಕೊಡದಂತೆ ಮೊದಲೇ ನಿಯಮ ಮಾಡುವುದು. ನಮ್ಮದು ಇಷ್ಟು: ಪ್ರತಿ ಪುಸ್ತಕಕ್ಕೂ ಒಂದು ಗುರುತಿನ ಪುಟ ಇರುತ್ತದೆ, ಮೊದಲ ಕೂಟದಲ್ಲಿ ಅದರಾಚೆಗಿನ ಮಾತೇ ಇಲ್ಲ. ಮುಗಿಸಿಬಿಟ್ಟವರು ಅಂದು ಊಹೆ ಹೇಳುವಂತಿಲ್ಲ, ಪ್ರಶ್ನೆ ಕೇಳಬಹುದು. ಫೋನ್ ಗುಂಪಿನಲ್ಲಿ ಪುಸ್ತಕದ ಒಳಗಿನ ಮಾತು ಪೂರ್ತಿ ನಿಷಿದ್ಧ. "ಓದಿ ಓದಿ, ಕೊನೆಯಲ್ಲಿ ಇದೆ ನಿಮಗೆ" ಎಂಬ ಸಂದೇಶವೂ ಬೇಡ. ಕೊನೆಯಲ್ಲಿ ತಿರುವು ಇದೆ ಎಂದು ತಿಳಿದ ಓದುಗರು ಪ್ರತಿ ಪಾತ್ರವನ್ನೂ ಅನುಮಾನದಿಂದಲೇ ನೋಡುತ್ತಾರೆ, ಯಾರ ಮೇಲೂ ಪ್ರೀತಿ ಹುಟ್ಟುವುದಿಲ್ಲ.

ಎಷ್ಟು ಎಚ್ಚರ ವಹಿಸಿದರೂ ಒಮ್ಮೊಮ್ಮೆ ಬಾಯಿ ಜಾರುತ್ತದೆ. ಆಗ ಎದೆಗುಂದಬೇಡಿ. 2011ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯಾಗೊ ಕೇಂದ್ರದ ಇಬ್ಬರು ಮನೋವಿಜ್ಞಾನಿಗಳು ಸಣ್ಣಕಥೆಗಳ ಮೇಲೆ ಪ್ರಯೋಗ ಮಾಡಿದಾಗ, ಕೊನೆ ಮೊದಲೇ ತಿಳಿದು ಓದಿದವರು ಕಥೆಗಳನ್ನು ಹೆಚ್ಚು ಮೆಚ್ಚಿದ್ದು ಕಂಡುಬಂತು. ಆಮೇಲಿನ ಕೆಲವು ಅಧ್ಯಯನಗಳಲ್ಲಿ ಇದಕ್ಕೆ ಉಲ್ಟಾ ಫಲಿತಾಂಶವೂ ಬಂದಿದೆ. ನಾನು ನಿಯಮದ ಪಕ್ಷವೇ. ಗುಟ್ಟು ತಿಳಿಯದೆ ಓದುವ ಅವಕಾಶ ಒಂದು ಪುಸ್ತಕಕ್ಕೆ ಒಂದೇ ಸಲ ಸಿಗುವುದು, ತಿಳಿದು ಓದುವುದು ಯಾವಾಗ ಬೇಕಾದರೂ ಸಾಧ್ಯ.

ಪುಸ್ತಕ ಎಷ್ಟು ದಪ್ಪ ಇರಬಹುದು?

ತಿಂಗಳಿಗೊಮ್ಮೆ ಸೇರುವವರಿಗೆ ಮುನ್ನೂರು ಪುಟ ಹಿತ. ಅದಕ್ಕೂ ದಪ್ಪವಾದದ್ದು ಬೇಕೆಂದರೆ ಕಂತುಗಳಲ್ಲಿ ಓದಿ. ವಿಲ್ಕಿ ಕಾಲಿನ್ಸ್‌ನ 'ದ ವುಮನ್ ಇನ್ ವೈಟ್' 1859ರಿಂದ 1860ರವರೆಗೆ ಡಿಕನ್ಸ್‌ನ ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿಯೇ ಬಂದದ್ದು, ವಾರ ವಾರ ಕಾಯುವುದಕ್ಕೆಂದೇ ಕಟ್ಟಿದ ಕಥೆ. ವಾರಪತ್ರಿಕೆಯ ಧಾರಾವಾಹಿಗೆ ಕಾದು ಕೂತ ನೆನಪು ಇರುವವರಿಗೆ ಆ ಸುಖ ವಿವರಿಸಬೇಕಿಲ್ಲ.

ಅದೇ ಕಾಲಿನ್ಸ್‌ನ 'ದ ಮೂನ್‌ಸ್ಟೋನ್', 1868, ಕನ್ನಡದ ಓದುಗರು ಒಮ್ಮೆಯಾದರೂ ಕೈಗೆತ್ತಿಕೊಳ್ಳಬೇಕಾದದ್ದು. ಇಂಗ್ಲಿಷ್ ಪತ್ತೇದಾರಿ ಕಾದಂಬರಿಯ ಮೂಲಪುರುಷ ಎನ್ನಿಸಿಕೊಂಡ ಈ ಪುಸ್ತಕ ತೆರೆದುಕೊಳ್ಳುವುದೇ 1799ರ ಶ್ರೀರಂಗಪಟ್ಟಣದಲ್ಲಿ, ಟಿಪ್ಪುವಿನ ಕೋಟೆ ಬಿದ್ದ ದಿನದ ಲೂಟಿಯಲ್ಲಿ. ಅಲ್ಲಿಂದ ಒಬ್ಬ ಇಂಗ್ಲಿಷ್ ಅಧಿಕಾರಿ ಕದ್ದೊಯ್ದ ವಜ್ರ ಇಂಗ್ಲೆಂಡಿನ ಮನೆಯಲ್ಲಿ ಮತ್ತೆ ಕಳುವಾಗುತ್ತದೆ. ಕಳ್ಳ ಯಾರು ಎಂಬ ಪ್ರಶ್ನೆ ನಮಗೆ ಎರಡು ಪಟ್ಟು ಅರ್ಥದಲ್ಲಿ ಕೇಳಿಸುತ್ತದೆ. ಕಥೆಯನ್ನು ಬೇರೆ ಬೇರೆ ಜನ ಸರದಿಯಲ್ಲಿ ಹೇಳುತ್ತಾರಾದ್ದರಿಂದ ಒಬ್ಬೊಬ್ಬ ನಿರೂಪಕನನ್ನು ಒಬ್ಬೊಬ್ಬ ಸದಸ್ಯರಿಗೆ ವಹಿಸಿ, ಅವರ ಪರವಾಗಿ ವಾದಿಸಲು ಹೇಳಿ.

ಹಿಂಸೆ, ಕ್ರೌರ್ಯ ಇರುವ ಪುಸ್ತಕಗಳನ್ನು ಎಲ್ಲರಿಗೂ ಕೊಡಬಹುದೇ?

ಕೇಳದೆ ಕೊಡಬೇಡಿ. ಒಮ್ಮೆ ನಮ್ಮ ಸದಸ್ಯೆಯೊಬ್ಬರು ಅರ್ಧ ಪುಸ್ತಕಕ್ಕೆ ನಿಲ್ಲಿಸಿ, ಆ ತಿಂಗಳು ಬರಲೇ ಇಲ್ಲ. ಕಾರಣ ಬಹಳ ದಿನದ ಮೇಲೆ ತಿಳಿಯಿತು: ಕಥೆಯಲ್ಲಿ ಮಗುವೊಂದು ಕಾಣೆಯಾಗುವುದು ಅವರ ಮನೆಯ ದುಃಖವನ್ನೇ ಮುಟ್ಟಿತ್ತು. ನಾನು ಮೊದಲೇ ಒಂದು ಮಾತು ಹೇಳಬಹುದಾಗಿತ್ತು. ಈಗ ಪುಸ್ತಕ ಸೂಚಿಸುವಾಗಲೇ ಮಕ್ಕಳ ಮೇಲೆ ಹಿಂಸೆ, ಲೈಂಗಿಕ ದೌರ್ಜನ್ಯ, ಆತ್ಮಹತ್ಯೆ ಇದ್ದರೆ ಕಥೆಯ ಎಳೆ ಬಿಡದೆ ಅಷ್ಟನ್ನು ಮಾತ್ರ ತಿಳಿಸುತ್ತೇನೆ. ಸ್ಟೀಫನ್ ಕಿಂಗ್‌ನ 'ಮಿಸರಿ' ನನಗೆ ಅಚ್ಚುಮೆಚ್ಚು. ಅಭಿಮಾನಿಯ ಸೆರೆಯಲ್ಲಿ ಸಿಕ್ಕಿಬಿದ್ದ ಲೇಖಕನ ಕಥೆ ಅದು, ಓದುಬಳಗಕ್ಕೆಂದೇ ಹೇಳಿ ಬರೆಸಿದ ಹಾಗಿದೆ. ದೈಹಿಕ ಹಿಂಸೆ ತಡೆಯದವರಿಗೆ ಮಾತ್ರ ಬೇಡ. ಅವರಿಗೆ ಶರ್ಲಿ ಜಾಕ್ಸನ್‌ಳ 'ವಿ ಹ್ಯಾವ್ ಆಲ್ವೇಸ್ ಲಿವ್ಡ್ ಇನ್ ದ ಕ್ಯಾಸಲ್' ಕೊಡಿ. 1962ರ ಈ ಪುಟ್ಟ ಪುಸ್ತಕದಲ್ಲಿ ದನಿ ಏರಿಸದೆ ಮೈ ಜುಮ್ಮೆನ್ನಿಸುವ ಕಲೆ ಇದೆ.

ಅನುವಾದ ಓದುವವರು, ಮೂಲ ಓದುವವರು, ಕಿವಿಯಲ್ಲಿ ಕೇಳುವವರು ಬೆರೆತಿದ್ದರೆ ತೊಂದರೆಯೇ?

ಇಲ್ಲ. ಪುಟಸಂಖ್ಯೆ ಬಿಟ್ಟು ಅಧ್ಯಾಯದ ಲೆಕ್ಕದಲ್ಲಿ ಮಾತಾಡಿ.

ಸಿನಿಮಾ ನೋಡಿ ಬಂದವರು ಪುಸ್ತಕ ಓದಬೇಕೇ?

ಓದಲೇಬೇಕು. 'ರೆಬೆಕ್ಕಾ'ವನ್ನು ಹಿಚ್‌ಕಾಕ್ 1940ರಲ್ಲಿ ತೆರೆಗೆ ತಂದಾಗ ಹಾಲಿವುಡ್‌ನ ಅಂದಿನ ನೀತಿಸಂಹಿತೆಯಿಂದಾಗಿ ಕಥೆಯ ಬಹಳ ಮುಖ್ಯವಾದ ಒಂದು ಘಟನೆಯನ್ನೇ ಬದಲಿಸಬೇಕಾಯಿತು. ಕ್ರಿಸ್ಟಿ ತನ್ನ ದ್ವೀಪದ ಕಥೆಯನ್ನು 1943ರಲ್ಲಿ ನಾಟಕ ಮಾಡಿದಾಗ ಕೊನೆಯನ್ನು ತಾನೇ ಬೇರೆ ಬರೆದಳು, ಆಮೇಲಿನ ಎಷ್ಟೋ ಸಿನಿಮಾಗಳು ನಾಟಕದ ಕೊನೆಯನ್ನೇ ಹಿಡಿದವು. ಎರಡನ್ನೂ ಎದುರುಬದುರು ಇಟ್ಟರೆ ಆ ಒಂದು ಬದಲಾವಣೆಯಿಂದ ಇಡೀ ಕಥೆಯ ನ್ಯಾಯ ಹೇಗೆ ತಿರುಗುತ್ತದೆ ಎಂಬುದು ಕಾಣುತ್ತದೆ. ಆದರೆ ಸಿನಿಮಾ ಯಾವತ್ತೂ ಎರಡನೆಯದಾಗಿರಲಿ.

ಚರ್ಚೆಯಲ್ಲಿ ಏನು ಕೇಳಬೇಕು? "ಹೇಗನ್ನಿಸಿತು" ಅಂದರೆ ಎಲ್ಲರೂ "ಚೆನ್ನಾಗಿತ್ತು" ಅನ್ನುತ್ತಾರೆ.

"ಹೇಗನ್ನಿಸಿತು" ಕೇಳಲೇಬೇಡಿ. ಒಂದು ಪುಟ ತೆರೆದು ಅದರ ಬಗ್ಗೆ ಕೇಳಿ. ನನಗೆ ಹೆಚ್ಚು ಫಲ ಕೊಟ್ಟ ಪ್ರಶ್ನೆ ಇದು: ಈ ಪುಟದಲ್ಲಿ ಯಾರಿಗೆ ಏನು ಗೊತ್ತು? ಪಾತ್ರಕ್ಕೆ ಗೊತ್ತಿದ್ದು ನಮಗೆ ಗೊತ್ತಿಲ್ಲದ್ದೇನು, ನಮಗೆ ಗೊತ್ತಿದ್ದು ಪಾತ್ರಕ್ಕೆ ಗೊತ್ತಿಲ್ಲದ್ದೇನು? ಉತ್ತರ ಹುಡುಕುತ್ತಾ ಹೋದಂತೆ ಕಥೆ ಕಟ್ಟಿದ ಕೈ ಕಣ್ಣಿಗೆ ಬೀಳುತ್ತದೆ.

ಇನ್ನೊಂದು, ಲೇಖಕ ನಮಗೆ ಮೋಸ ಮಾಡಿದನೇ? ಇಂಗ್ಲಿಷ್ ಲೇಖಕ ರೊನಾಲ್ಡ್ ನಾಕ್ಸ್ 1929ರಲ್ಲಿ ಪತ್ತೇದಾರಿ ಕಥೆಗೆ ಹತ್ತು ಕಟ್ಟಳೆ ಬರೆದ. ಅಪರಾಧಿಯ ಹೆಸರು ಕಥೆಯ ಆರಂಭದಲ್ಲೇ ಬಂದಿರಬೇಕು, ಪತ್ತೇದಾರ ಕಂಡ ಸುಳಿವನ್ನು ಓದುಗರಿಗೂ ಕಾಣಿಸಬೇಕು, ಸೂಚನೆ ಕೊಡದೆ ಅವಳಿಗಳನ್ನು ತರಬಾರದು, ಹೀಗೆ. ಅವನ್ನು ಓದಿ ಹೇಳಿ, ನೀವು ಮುಗಿಸಿದ ಪುಸ್ತಕವನ್ನು ಅಳೆದು ನೋಡಿ. ಕಟ್ಟಳೆ ಮುರಿದೂ ಗೆದ್ದ ಪುಸ್ತಕಗಳಿವೆ. ಹೇಗೆ ಗೆದ್ದವು ಎಂಬ ಜಗಳ ಬಹಳ ರುಚಿಯಾದದ್ದು.

ಮೂರನೆಯದನ್ನು ಸ್ವಲ್ಪ ಮೆಲ್ಲಗೆ ಕೇಳಬೇಕು: ಓದುವಾಗ ನೀವು ಏನಾಗಲಿ ಎಂದು ಬಯಸಿದಿರಿ? ಪೆಟ್ರೀಷಿಯಾ ಹೈಸ್ಮಿತ್‌ಳ 'ದ ಟ್ಯಾಲೆಂಟೆಡ್ ಮಿಸ್ಟರ್ ರಿಪ್ಲಿ', 1955, ಈ ಪ್ರಶ್ನೆಗೆಂದೇ ಇದೆ. ಟಾಮ್ ರಿಪ್ಲಿ ಸುಳ್ಳುಗಾರ, ಕೊಲೆಗಾರ. ಪೊಲೀಸರು ಬಾಗಿಲು ತಟ್ಟಿದಾಗ ಅವನ ಜೊತೆ ನಮ್ಮ ಉಸಿರೂ ನಿಲ್ಲುತ್ತದೆ. ತಾನು ಅವನ ಪಕ್ಷ ವಹಿಸಿದ್ದನ್ನು ಎಲ್ಲರೆದುರು ಒಪ್ಪಿಕೊಳ್ಳಲು ಮೊದಲನೆಯವರಿಗೆ ಕಷ್ಟ. ಒಬ್ಬರು ಒಪ್ಪಿಕೊಂಡರೆ ಉಳಿದವರು ಸಾಲಾಗಿ ಬಾಯಿ ಬಿಡುತ್ತಾರೆ.

ಕೊನೆಗೂ ಗುಟ್ಟು ಬಿಡಿಸದೆ ಮುಗಿಯುವ ಪುಸ್ತಕ ಕೊಟ್ಟರೆ ಜನ ಸಿಟ್ಟಾಗುವುದಿಲ್ಲವೇ?

ಆಗುತ್ತಾರೆ, ಆದರೂ ಕೊಡಿ. ಬಳಗಕ್ಕೆ ನಾಲ್ಕಾರು ಪುಸ್ತಕ ಒಟ್ಟಿಗೆ ಓದಿದ ಸಲಿಗೆ ಬಂದ ಮೇಲೆ ಹೆನ್ರಿ ಜೇಮ್ಸ್‌ನ 'ದ ಟರ್ನ್ ಆಫ್ ದ ಸ್ಕ್ರೂ' ಇಡಿ. 1898ರ ಕಿರುಕಾದಂಬರಿ. ಹಳ್ಳಿಗಾಡಿನ ದೊಡ್ಡ ಮನೆಯಲ್ಲಿ ಇಬ್ಬರು ಮಕ್ಕಳನ್ನು ನೋಡಿಕೊಳ್ಳಲು ಬಂದ ಯುವತಿಗೆ ಸತ್ತವರು ಕಾಣಿಸುತ್ತಾರೆ. ನಿಜವಾಗಿ ಕಾಣಿಸುತ್ತಾರೋ, ಅವಳ ಮ‌ನಸ್ಸಿನ ಬೇಗುದಿಯೋ? ವಿಮರ್ಶಕರು ಇದರ ಬಗ್ಗೆ ನೂರು ವರ್ಷಕ್ಕೂ ಮೀರಿ ವಾದಿಸುತ್ತಿದ್ದಾರೆ, ಎರಡೂ ಕಡೆಗೆ ಪುಸ್ತಕದಲ್ಲೇ ಸಾಕ್ಷಿ ಇದೆ.

ನಾವು ಬಳಗವನ್ನು ಎರಡು ಗುಂಪು ಮಾಡಿಕೊಂಡೆವು, ದೆವ್ವ ಇದೆ ಅನ್ನುವವರು ಈ ಕಡೆ, ಇಲ್ಲ ಅನ್ನುವವರು ಆ ಕಡೆ. ಪ್ರತಿ ವಾದಕ್ಕೂ ಪುಟ ತೋರಿಸಬೇಕು ಎಂಬುದೊಂದೇ ಷರತ್ತು. ಇಲ್ಲ ಎಂದು ಕೂತಿದ್ದ ಒಬ್ಬರು ಒಂದು ಪ್ಯಾರಾ ಗಟ್ಟಿಯಾಗಿ ಓದುತ್ತಾ ಓದುತ್ತಾ ನಡುವೆ ನಿಂತರು, ಅದೇ ಸಾಲನ್ನು ಮನಸ್ಸಿನಲ್ಲೇ ಇನ್ನೊಮ್ಮೆ ಓದಿಕೊಂಡರು, ಪುಸ್ತಕ ಮುಚ್ಚದೆ ಕುರ್ಚಿ ಎತ್ತಿಕೊಂಡು ಈ ಕಡೆಗೆ ಬಂದು ಕೂತರು.